ಹಸಿವಿಗೆ ಫ್ರೆಂಚಿನಲ್ಲಿ ಏನನ್ನುತ್ತಾರೆ

ಮನೆಯಲ್ಲಿ ಕನ್ನಡ, ತರಕಾರಿಯವಳ ಹತ್ತಿರ ತೆಲುಗು, ಬಸ್ಸಿನಲ್ಲಿ ಹಿಂದಿ, ಸಾಹೇಬರ ಮುಂದೆ ಇಂಗ್ಲಿಷ್. ದಿನಾ ನಾಲ್ಕು ಭಾಷೆ ಆಡಿ ಹೊಟ್ಟೆ ಹೊರೆಯುವವನಿಗೆ ಐದನೆಯದು ಯಾವ ಲೆಕ್ಕ? ಹೀಗೆಂದುಕೊಂಡೇ ನಾನು ಫ್ರೆಂಚ್ ಕಲಿಯಲು ಒಪ್ಪಿದ್ದು.

ಆಗ ನಾವು ತೆಲುಗು ಸೀಮೆಯ ಕುಷಾಯಿಗೂಡದಲ್ಲಿದ್ದೆವು. ನಾನು ಸರಕಾರಿ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ನಮ್ಮ ವಿಭಾಗಕ್ಕೆ ಫ್ರಾನ್ಸಿನಿಂದ ಹೊಸ ಯಂತ್ರ ಬರುವುದಿತ್ತು. ಅದನ್ನು ಕೂರಿಸಲು ಅಲ್ಲಿಂದಲೇ ಒಬ್ಬ ಎಂಜಿನಿಯರ್ ಬಂದು ಕೆಲವು ತಿಂಗಳು ಇರಲಿದ್ದ. ಅವನ ಜೊತೆ ಮಾತಾಡಲು ಯಾರು ಫ್ರೆಂಚ್ ಕಲಿಯುತ್ತೀರಿ ಎಂದು ಮ್ಯಾನೇಜರ್ ರಾವ್‌ಗಾರು ಕೇಳಿದಾಗ ಎದ್ದದ್ದು ಒಂದೇ ಕೈ. ದುರ್ದೈವದಿಂದ ಅದು ನನ್ನ ಭುಜಕ್ಕೆ ಸೇರಿದ್ದಾಗಿತ್ತು.

"ಬರತೈತೇನ್ರಿ ನಿಮಗ?" ಎಂದಳು ಹೆಂಡತಿ ಶಾಂತಾ.

"ಬರದೇನು? ಹಬ್ಬ ಬರೋದ್ರಾಗ ಫ್ರೆಂಚಿನಾಗ ಜಗಳಾ ಮಾಡಿ ತೋರಸ್ತೀನಿ."

ಸಂಜೆ ತರಗತಿಯ ಮೊದಲ ದಿನವೇ ಜಂಬ ಇಳಿಯಿತು. ಆ ಭಾಷೆಯಲ್ಲಿ ಅರ್ಧ ಅಕ್ಷರಗಳು ಸುಮ್ಮನೆ ಕೂತಿರುತ್ತವೆ, ಉಳಿದರ್ಧ ಮೂಗಿನಿಂದ ಹೊರಡುತ್ತವೆ. ಟೀಚರಮ್ಮ ನನ್ನತ್ತ ತಿರುಗಿದರೆ ಪುಸ್ತಕದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಮೂಗಿನ ಅಭ್ಯಾಸ ಮಾಡಿದರೆ ಪಕ್ಕದವರು ನೆಗಡಿಯೆಂದು ಸರಿದು ಕೂರುತ್ತಿದ್ದರು.

ಅಷ್ಟರಲ್ಲಿ ಎಂಜಿನಿಯರ್ ಬಂದೇಬಿಟ್ಟ. ಹೆಸರು ಜೆರಾರ್. ಗಳದಂತೆ ಎತ್ತರ, ಮೆತ್ತಗಿನ ಸ್ವಭಾವ, ಇಂಗ್ಲಿಷ್ ಮಾತ್ರ ನನ್ನ ಫ್ರೆಂಚಿನಷ್ಟೇ. ಸ್ವಾಗತದ ವಾಕ್ಯ ಒಪ್ಪಿಸಿದವನೇ ನಾನು ಹೆದರಿ ಯಂತ್ರದ ಹಿಂದೆ ಅಡಗತೊಡಗಿದೆ. ಅವನ ಕೆಲಸವೆಲ್ಲ ಯಂತ್ರದ ಹಿಂದೆಯೇ ಇತ್ತು. ಕಂಡಾಗಲೆಲ್ಲ ಖುಷಿಯಿಂದ ಕೈ ಕುಲುಕುತ್ತಿದ್ದ. ಪಾಪ, ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಮಾತಿಗೆ ನನ್ನೊಬ್ಬನನ್ನೇ ನಂಬಿದ್ದ.

ಒಂದು ಮಧ್ಯಾಹ್ನ ಕೆಲಸ ಮುಗಿಯುವುದು ತಡವಾಯಿತು. ಧೈರ್ಯ ತಂದುಕೊಂಡು, ನನಗೆ ತುಂಬ ಹಸಿವಾಗಿದೆ ಎಂದು ಫ್ರೆಂಚಿನಲ್ಲಿ ಹೇಳಿದೆ. ಜೆರಾರ್ ಕಣ್ಣರಳಿಸಿದ. ಮೂರು ಬೆರಳೆತ್ತಿ ತೋರಿಸಿದ. ಮೂರು ಚಪಾತಿ ತಿನ್ನುತ್ತೀಯಾ ಎಂದು ಕೇಳುತ್ತಿದ್ದಾನೆಂದು ತಿಳಿದು ಜೋರಾಗಿ ತಲೆಯಾಡಿಸಿದೆ. ಅಂದಿನಿಂದ ಅವನು ನನ್ನನ್ನು ವಿಶೇಷ ಗೌರವದಿಂದ ಕಾಣತೊಡಗಿದ. ಸ್ನೇಹ ಕುದುರಿತೆಂದು ನಾನು ಅವನನ್ನು ಭಾನುವಾರದ ಊಟಕ್ಕೆ ಕರೆದೆ.

ಅತ್ತೆಯವರ ಕಣ್ಣಿನ ಆಪರೇಷನ್ನಿಗೆಂದು ಆಗ ಅತ್ತೆ ಮತ್ತು ಶಾಂತಾಳ ಅಕ್ಕ ಗಿರಿಜಾ ರಾಯಚೂರಿನಿಂದ ಬಂದು ನಮ್ಮಲ್ಲೇ ಇದ್ದರು. ಭಾನುವಾರ ಬಂದ ಜೆರಾರ್ ಹೆಂಗಸರು ಮೂವರಿಗೂ ಒಂದೇ ಥರದ ಅತ್ತರಿನ ಸೀಸೆ ಕೊಟ್ಟ. ಕಪ್ಪು ಕನ್ನಡಕದಲ್ಲಿದ್ದ ಅತ್ತೆಯವರಿಗೆ ಮಾತ್ರ ಸೊಂಟದ ತನಕ ಬಾಗಿ ವಂದಿಸಿದ.

"ಭಾಳ ಸಂಸ್ಕಾರ ಐತಿ ಈ ಹುಡುಗಗ," ಎಂದು ಅತ್ತೆ ಅವನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು.

ಮರುದಿನ ಕ್ಯಾಂಟೀನಿನಲ್ಲಿ ನಾನು ಹೋದಲ್ಲೆಲ್ಲ ಮಾತು ನಿಲ್ಲುತ್ತಿತ್ತು. ಮಧ್ಯಾಹ್ನ ರಾವ್‌ಗಾರು ಕರೆಸಿ ಬಾಗಿಲು ಹಾಕಿಸಿದರು.

"ಏಮಂಡಿ ಪಾಟೀಲ್‌ಗಾರು, ಸರಕಾರಿ ನೌಕರಿಯಲ್ಲಿದ್ದು ಎರಡನೇ ಮದುವೆಯಾದರೆ ಏನಾಗುತ್ತದೆ ಗೊತ್ತಾ?"

"ನೌಕರಿ ಹೋಗುತ್ತದೆ ಸರ್."

"ಮತ್ತೆ ನೀವು ಮೂರು ಮಾಡಿಕೊಂಡಿದ್ದೀರಲ್ಲ?"

ಯಾರು ಹೇಳಿದ್ದೆಂದು ಕೇಳಿದೆ. ಜೆರಾರ್ ಎಂದರು. ಅವನೇ ನನ್ನ ಸ್ನೇಹಿತ, ಅವನೇ ನಿಜ ಹೇಳಲಿ ಎಂದು ಕರೆಸಿದೆ. ಅದು ನನ್ನ ಎರಡನೇ ತಪ್ಪು.

ಜೆರಾರ್ ನನ್ನ ಹೆಗಲ ಮೇಲೆ ಕೈಯಿಟ್ಟು ತನ್ನ ಹರುಕು ಇಂಗ್ಲಿಷಿನಲ್ಲಿ ಸಾಕ್ಷಿ ನುಡಿದ: "ಇವರೇ ಹೇಳಿದ್ದು, ಮೂವರು ಹೆಂಡಿರು. ಮನೆಗೆ ಹೋಗಿದ್ದೇನೆ, ಮೂವರೂ ಒಳ್ಳೆಯವರು. ಜಗಳವೇ ಇಲ್ಲ."

ನಾನು ಅಂದು ಆಡಿದ ವಾಕ್ಯವನ್ನೂ ಆಡಿ ತೋರಿಸಿದ. ಆಗ ನನಗೆ ಹೊಳೆಯಿತು. ಫ್ರೆಂಚಿನಲ್ಲಿ 'ತುಂಬ' ಮತ್ತು 'ಮೂರು', 'ಹಸಿವು' ಮತ್ತು 'ಹೆಂಡತಿ' ಅಕ್ಕಪಕ್ಕದ ಮನೆಯವರಂತೆ ಕೇಳಿಸುತ್ತವೆ. ನಾನು ಎರಡು ಸಲವೂ ತಪ್ಪು ಬಾಗಿಲು ತಟ್ಟಿದ್ದೆ.

ವಿವರಿಸಿದೆ. ರಾವ್‌ಗಾರು ನಂಬಲಿಲ್ಲ. ಜೀಪು ತರಿಸಿ ಮೂವರೂ ನಮ್ಮ ಮನೆಗೆ ಹೊರಟೆವು. ದಾರಿಯುದ್ದಕ್ಕೂ ಕೆಲಸ ಹೋಗುವ ಭಯ. ನಮ್ಮ ಓಣಿ ಬಂದ ಮೇಲೆ ಶಾಂತಾಳ ಭಯ. ಕೆಲಸದ್ದೇ ಚಿಕ್ಕದೆನಿಸಿತು.

ರಾವ್‌ಗಾರು ಸಂಕೋಚದಿಂದಲೇ ತೆಲುಗಿನಲ್ಲಿ ಪ್ರಶ್ನೆ ಕೇಳಿದರು. ತೆಲುಗು ಬಲ್ಲ ಗಿರಿಜಾ ನಕ್ಕು ನಕ್ಕು ಬಾಗಿಲು ಹಿಡಿದುಕೊಂಡು ತಾಯಿಗೆ ತಿಳಿಸಿದಳು: "ಯವ್ವಾ, ನೀನೂ ಇವರ ಹೇಣ್ತಿ ಏನು ಅಂತ ಕೇಳಾಕತ್ತಾರ."

ಅತ್ತೆ ಕಪ್ಪು ಕನ್ನಡಕ ತೆಗೆದು ನನ್ನನ್ನು ಪಾದದಿಂದ ತಲೆಯವರೆಗೆ ನೋಡಿದರು. ಆಪರೇಷನ್ ಚೆನ್ನಾಗಿ ಆಗಿತ್ತೆಂದು ಅವತ್ತೇ ನನಗೆ ಖಾತ್ರಿಯಾದದ್ದು.

"ಒಬ್ಬಾಕಿ ಮುಂದ ನಿಂತು ಮಾತಾಡಾಕ ಧೈರ್ಯ ಇಲ್ಲ ಇವಗ. ಮೂರು ಮಂದಿನ್ನ ಎಲ್ಲಿ ಕಟಗೋತಾನ?"

ಶಾಂತಾ ಒಮ್ಮೆ ನನ್ನತ್ತ ನೋಡಿದಳು, ಅಷ್ಟೆ. ನಾನು ಗೋಡೆಗೆ ಅಂಟಿಕೊಂಡೆ. ಅದನ್ನು ಕಂಡ ರಾವ್‌ಗಾರು, "ಸಾಕು, ಸಾಕ್ಷಿ ಸಿಕ್ಕಿತು" ಎಂದು ಚಹಾ ಕುಡಿದು ಹೊರಟರು.

ನಿಜ ತಿಳಿದ ಜೆರಾರ್ ಕಿವಿಯವರೆಗೂ ಕೆಂಪಾಗಿ ಅತ್ತೆಯವರ ಕಾಲಿಗೆ ಬಿದ್ದ. ಅವರು ಎಬ್ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಆಮೇಲೆ ಅವನು ಪ್ರತಿ ಭಾನುವಾರ ಬರತೊಡಗಿದ. ನಾನು ಫ್ರೆಂಚ್ ಪುಸ್ತಕ ಹಿಡಿದು ಒಂದು ಮೂಲೆಯಲ್ಲಿ ಬೆವರುತ್ತಿದ್ದರೆ, ಅವನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅತ್ತೆಯವರ ಜೊತೆ ಬೆಳ್ಳುಳ್ಳಿ ಸುಲಿಯುತ್ತಿದ್ದ.

ಯಂತ್ರ ಕೂತಿತು, ಅವನು ಹೊರಡುವ ದಿನವೂ ಬಂತು. ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ಅವನ ಕೈ ಹಿಡಿದು, ವಾರವಿಡೀ ಬಾಯಿಪಾಠ ಮಾಡಿದ್ದ ಫ್ರೆಂಚ್ ವಿದಾಯದ ಮಾತು ಶುರುಮಾಡಿದೆ. ಇದರಲ್ಲಿ ಇನ್ನಾರನ್ನು ಮದುವೆಯಾಗಿಬಿಡುತ್ತೇನೋ ಎಂಬ ಭಯಕ್ಕೆ ಅರ್ಧದಲ್ಲೇ ನಿಲ್ಲಿಸಿದೆ.

ಜೆರಾರ್ ಮೆಲ್ಲಗೆ ನನ್ನ ಬೆನ್ನು ತಟ್ಟಿದ.

"ಕನ್ನಡದಾಗ ಹೇಳ್ರಿ ಪಾಟೀಲರ. ನನಗ ತಿಳೀತೈತಿ."

"ಹೋಗಿ ಬರ್ರಿ," ಎಂದೆ.

ಅಷ್ಟು ತಿಂಗಳಲ್ಲಿ ನಾನಾಡಿದ ಮಾತುಗಳಲ್ಲಿ ಅವನಿಗೆ ಒಂದೇ ಸಲಕ್ಕೆ ಅರ್ಥವಾದದ್ದು ಅದೊಂದೇ.