ಎಣ್ಣೆ ಕುಡಿದು ಭುಜಕ್ಕೆ ಒದೆಯುವ ಬಂದೂಕಿಗೆ

ಮಾನ್ಯ ಹಿರಿಯ ಬಂದೂಕು ಅವರ ಸನ್ನಿಧಿಗೆ,
ಮಲಗುವ ಕೋಣೆಯ ಕಬ್ಬಿಣದ ಬೀರು, ಬೀಗ ಹಾಕಿದ ಒಳಖಾನೆ.

ಮಾನ್ಯರೇ,

ತಮ್ಮ ನಳಿಗೆಗೆ ತುಕ್ಕು ಹಿಡಿಯದೆ, ಮರದ ಹಿಡಿಗೆ ಗೆದ್ದಲು ಹತ್ತದೆ ತಾವು ಸುಖವಾಗಿದ್ದೀರಿ ಎಂದು ನಂಬಿ, ಅಂಗಡಿ ಬೋರ್ಡುಗಳನ್ನು ಬರೆದು ಹೊಟ್ಟೆ ಹೊರೆಯುವ ಈ ಪೇಂಟರ್ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮಂಥ ಹಿರಿಯರಿಗೆ ಎರಡೂ ಕೈ ಜೋಡಿಸಿ ವಂದಿಸುವುದು ನನ್ನ ಕರ್ತವ್ಯವಾಗಿದ್ದರೂ, ತಮ್ಮದೇ ಕೃಪೆಯಿಂದ ಬಲಗೈ ಇನ್ನೂ ಪೂರ್ತಿ ಮೇಲೇಳಲು ಒಪ್ಪುತ್ತಿಲ್ಲವಾದ್ದರಿಂದ, ಎಡಗೈಯ ಅರ್ಧ ನಮಸ್ಕಾರವನ್ನೇ ಇಡಿಯೆಂದು ತಿಳಿದು ಸ್ವೀಕರಿಸಬೇಕು. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಗುಟ್ಟಾಗಿ ಕಿವಿಯಲ್ಲಿ ಹೇಳೋಣವೆಂದರೆ, ತಮ್ಮ ಹತ್ತಿರ ಬಂದವರ ಕಿವಿಯೇ ಕೆಪ್ಪಾಗುತ್ತದೆ.

ತಾವು ನಮ್ಮ ಮನೆಗೆ ದಯಮಾಡಿಸಿದ ಸಂದರ್ಭವನ್ನು ಮೊದಲು ನೆನೆಯುತ್ತೇನೆ. ಕಣ್ಣು ಮಂಜಾದ ಮೇಲೆ ಮಾವನವರು ತಮ್ಮನ್ನು ಕಂಬಳಿಯಲ್ಲಿ ಸುತ್ತಿ ತಂದು, ನಮ್ಮ ಊಟದ ಮೇಜಿನ ಮೇಲೆ ಮಲಗಿಸಿ, "ಇದು ನನ್ನ ಹಿರೀ ಮಗಳಿದ್ದ ಹಾಗೆ, ಚೆನ್ನಾಗಿ ನೋಡ್ಕೊಳ್ಳಿ" ಎಂದರು. ಅವರ ನಿಜವಾದ ಹಿರಿಯ ಮಗಳು, ಅಂದರೆ ನನ್ನ ಹೆಂಡತಿ, ಪಕ್ಕದಲ್ಲೇ ನಿಂತಿದ್ದಳು. ಆದರೆ ಮಾವನವರು ತಮ್ಮನ್ನು ಕೊಟ್ಟದ್ದು ಪೂರ್ತಿಯಾಗಿ ಅಲ್ಲ, ನೋಡಿಕೊಳ್ಳಲು ಮಾತ್ರ. ಶೂಟಿಂಗ್ ಕ್ಲಬ್ಬಿನ ವಾರ್ಷಿಕ ಸ್ಪರ್ಧೆಯಲ್ಲಿ ಇಬ್ಬರು ಅಳಿಯಂದಿರ ಪೈಕಿ ಯಾರು ಹೆಚ್ಚು ಮಣ್ಣಿನ ಬಿಲ್ಲೆಗಳನ್ನು ಹಾರುವಾಗಲೇ ಒಡೆಯುತ್ತಾರೋ ಅವರಿಗೇ ತಾವು ಸೇರತಕ್ಕದ್ದೆಂದು ಅವರ ಅಪ್ಪಣೆಯಾಯಿತು. ಇನ್ನೊಬ್ಬ ಅಳಿಯನೆಂದರೆ ನನ್ನ ಷಡ್ಡಕ, ಔಷಧಿ ಅಂಗಡಿಯವನು. ಅವನು ತಮ್ಮ ಮೇಲೆ ಕಣ್ಣು ಹಾಕಿ ಎಷ್ಟೋ ವರ್ಷಗಳಾಗಿವೆ. ನನಗೆ ಮೇಜು ಕುರ್ಚಿ ಹೋದರೂ ಚಿಂತೆಯಿಲ್ಲ, ತಾವು ಅವನ ಪಾಲಾಗುವುದನ್ನು ಮಾತ್ರ ಸಹಿಸಲಾರೆ ಎಂದು ಅಂದೇ ಪಣ ತೊಟ್ಟೆ.

ತಮ್ಮ ಕಾರ್ಯದಕ್ಷತೆಯ ಬಗ್ಗೆ ಎರಡು ಮಾತಿಲ್ಲ. ಒಮ್ಮೆ ಟ್ರಿಗರ್ ಒತ್ತಿದರೆ ಸಾಕು, ಗುಂಡು ಹಾರಿಸಿ, ಖಾಲಿ ತೋಟಾವನ್ನು ತಾವೇ ಹೊರಗೆ ಉಗಿದು, ಹೊಸದನ್ನು ತಾವೇ ಬಾಯಿಗೆ ತುಂಬಿಕೊಂಡು, ಮುಂದಿನ ಸೇವೆಗೆ ಸಿದ್ಧರಾಗಿ ನಿಲ್ಲುವ ತಮ್ಮನ್ನು ಕಂಡು ನಮ್ಮೂರಿನ ಕಚೇರಿಗಳು ಕಲಿಯುವುದು ಬಹಳವಿದೆ. ಇಷ್ಟೆಲ್ಲ ಕೆಲಸದ ನಡುವೆಯೂ ಹಿಂದೆ ನಿಂತಿರುವ ನನ್ನನ್ನು ಮರೆಯದೆ, ಪ್ರತಿ ಸಲವೂ ಭುಜದ ಮೂಳೆಗೆ ಗುರಿಯಿಟ್ಟು ಒದೆಯುವ ತಮ್ಮ ಔದಾರ್ಯವನ್ನು ಏನೆಂದು ಹೊಗಳಲಿ? ಬಿಲ್ಲೆಗಳು ಆಕಾಶದಲ್ಲಿ ನೆಮ್ಮದಿಯಾಗಿ ಹಾರಿ ಹುಲ್ಲಿನ ಮೇಲೆ ಇಳಿಯುತ್ತಿದ್ದವು. ಗುಂಡು ಬಿದ್ದದ್ದು ಎಲ್ಲಿಗೋ, ಪೆಟ್ಟು ಬಿದ್ದದ್ದು ನನಗೆ. ಹಲ್ಲಿನ ಡಾಕ್ಟರರ ಹೊಸ ಬೋರ್ಡಿನಲ್ಲಿ 'ನೋವಿಲ್ಲದೆ ಹಲ್ಲು ಕೀಳಲಾಗುವುದು' ಎಂದು ಬರೆಯುವಾಗ 'ನೋವಿಲ್ಲದೆ' ಎಂಬ ಪದವೊಂದೇ ಗಡಗಡ ನಡುಗಿದಂತೆ ಮೂಡಿ, ಅದನ್ನು ಓದಿದ ರೋಗಿಗಳು ಮೆಟ್ಟಿಲಿನಿಂದಲೇ ವಾಪಸಾದರು. ಮುಲಾಮು ಕೊಳ್ಳಲು ಹೋದಾಗಲೆಲ್ಲ ಷಡ್ಡಕ, "ಭಾವ, ನೋವು ಹೇಗಿದೆ?" ಎಂದು ಬಾಯಿ ತುಂಬಾ ವಿಚಾರಿಸಿ, ಇನ್ನೂ ಇದೆ ಎಂದರೆ ಮುಖವರಳಿಸುತ್ತಿದ್ದ.

ತಮ್ಮ ಒದೆಯನ್ನು ತಗ್ಗಿಸಲು ನಾನು ಪಟ್ಟ ಪಾಡು ಒಂದೆರಡಲ್ಲ. ಹಿಡಿಯ ತುದಿಗೆ ದಪ್ಪ ರಬ್ಬರ್ ಪ್ಯಾಡ್ ಹಾಕಿಸಿದೆ. ತಾವು ಉದ್ದವಾಗಿ, ನನ್ನ ಕೈ ಟ್ರಿಗರಿಗೆ ಎಟುಕದಾಯಿತು. ಅಂಗಿಯೊಳಗೆ ಸ್ಪಂಜು ಹೊಲಿಸಿಕೊಂಡೆ; ಒಂದೇ ಭುಜದ ಪೈಲ್ವಾನನಂತೆ ಕಂಡೆನೇ ಹೊರತು ನೋವು ಕಡಿಮೆಯಾಗಲಿಲ್ಲ. ಹಗುರ ತೋಟಾ ಹಾಕಿ ನೋಡಿದಾಗ ತಾವು ಅದನ್ನು ಹೊರಗೆ ಉಗಿಯದೆ ಗಂಟಲಲ್ಲೇ ಸಿಕ್ಕಿಸಿಕೊಂಡು ಮುನಿದು ಕೂತಿರಿ. ಕ್ಲಬ್ಬಿನವರೊಬ್ಬರ ಮಾತು ಕೇಳಿ ತಮ್ಮ ಒಳಗಿನ ಉಕ್ಕಿನ ಬಳೆಯನ್ನು ಸ್ಪ್ರಿಂಗಿನ ಹಿಂದಕ್ಕೆ ಸರಿಸಿದ ಮೇಲಷ್ಟೇ ಅದನ್ನು ಉಗಿದಿರಿ. ಆದರೆ ಸ್ಪರ್ಧೆಗೆ ಕ್ಲಬ್ಬು ಕೊಡುವುದು ಭಾರದ ತೋಟಾಗಳನ್ನೇ ಎಂದು ತಿಳಿದು ಮತ್ತೆ ಅವನ್ನೇ ತುಂಬಿದಾಗ, ತಾವು ಕುದುರೆಗೂ ನಾಚಿಕೆಯಾಗುವಂತೆ ಒದ್ದಿರಿ. ಕೊನೆಗೆ ಸೇವೆಯಿಂದಲಾದರೂ ತಮ್ಮ ಮನಸ್ಸು ಕರಗೀತೆಂದು ಪ್ರತಿ ಸಂಜೆ ನಳಿಗೆಯನ್ನು ಬಿಚ್ಚಿ, ಅದರ ಕೆಳಗಿನ ಕೊಳವೆಗೆ ತೊಟ್ಟಿಕ್ಕುವಷ್ಟು ಎಣ್ಣೆ ಸವರಿದೆ. ನನ್ನ ತಲೆಗೆ ಇಲ್ಲದ ಎಣ್ಣೆ ತಮ್ಮ ಮೈಗೆ! ಎಣ್ಣೆ ಹೆಚ್ಚಿದಷ್ಟೂ ಒದೆ ಹೆಚ್ಚಿತು. ಇಂಥ ಕೃತಘ್ನತೆಯನ್ನು ನಾನು ಬೋರ್ಡು ಬರೆಸಿಕೊಂಡು ದುಡ್ಡು ಕೊಡದವರಲ್ಲೂ ಕಂಡಿಲ್ಲ.

ಇನ್ನುಮುಂದೆ ಒದೆಯುವ ಮುನ್ನ ಲಿಖಿತ ಸೂಚನೆ ಕೊಡಬೇಕೆಂದೂ, ವಾರಕ್ಕೊಮ್ಮೆಯಾದರೂ ಮುಂದಕ್ಕೆ ಒದೆಯುವ ಕೃಪೆ ಮಾಡಬೇಕೆಂದೂ, ಉಳಿದ ದಿನಗಳ ಒದೆಯನ್ನು ನೇರವಾಗಿ ಔಷಧಿ ಅಂಗಡಿಯ ವಿಳಾಸಕ್ಕೆ ರವಾನಿಸಬೇಕೆಂದೂ ತಮ್ಮಲ್ಲಿ ಬೇಡಿಕೊಳ್ಳುವವನಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ನಡುವೆ ಬಂದಳು.

ಅವಳು ಕಾರು ಓಡಿಸಲು ಕಲಿಸುವವಳು. ಸ್ಪರ್ಧೆಯ ಹಿಂದಿನ ಸಂಜೆ ನಾನು ತಮಗೆ ಅಭ್ಯಂಜನ ಮಾಡಿಸುತ್ತಿರುವಾಗ ಕಾಫಿ ಲೋಟ ಹಿಡಿದು ನೋಡುತ್ತ ನಿಂತವಳು ಕುಡಿದದ್ದು ನೆತ್ತಿಗೇರುವಂತೆ ನಕ್ಕು, "ರೀ, ಬ್ರೇಕಿಗೆ ಯಾರಾದ್ರೂ ಎಣ್ಣೆ ಬಿಡ್ತಾರಾ?" ಎಂದಳು. ಗುಂಡು ಹಾರಿದಾಗ ತಮ್ಮ ನಳಿಗೆ ಹಿಂದಕ್ಕೆ ಜಾರುತ್ತದಂತೆ. ಕಂಚಿನ ಬಳೆಯೊಂದು ಕೊಳವೆಯನ್ನು ಅಮುಕಿ ಹಿಡಿದು ಅದರ ರಭಸವನ್ನು ತಡೆಯಬೇಕಂತೆ. ಎಣ್ಣೆಯಲ್ಲಿ ಅದು ಜಾರಿದರೆ ತಡೆಯುವವರೇ ಇಲ್ಲದೆ ಎಲ್ಲವೂ ನನ್ನ ಭುಜಕ್ಕೇ ಬಂದು ನಿಲ್ಲುತ್ತದಂತೆ. ಭಾರದ ತೋಟಾ ತುಂಬುವಾಗ ಸ್ಪ್ರಿಂಗಿನ ಮುಂದಿರಬೇಕಾದ ಉಕ್ಕಿನ ಬಳೆಯೂ ನಾನು ಹಿಂದೆ ಸರಿಸಿಟ್ಟಲ್ಲೇ ಕೂತಿತ್ತು. ಅವಳು ಅದನ್ನು ಸ್ಪ್ರಿಂಗಿನ ಮುಂದಕ್ಕೆ ತಂದು, ಸೋತ ಸ್ಪ್ರಿಂಗಿನ ಬದಲು ಅಪ್ಪನ ಹಳೆಯ ಡಬ್ಬಿಯಲ್ಲಿದ್ದ ಹೊಸದನ್ನು ಹಾಕಿ, ಕೊಳವೆಯನ್ನು ನನ್ನ ಹಳೆಯ ಬನಿಯನ್ನಿನಲ್ಲಿ ಒಣಗುವಂತೆ ಒರೆಸಿದಳು. ಇದೆಲ್ಲ ನಿನಗೆ ಹೇಗೆ ಗೊತ್ತು ಎಂದರೆ, "ಅಪ್ಪ ಬಿಚ್ಚುವಾಗ ಬಳೆ ಹಿಡ್ಕೊಂಡು ಕೂತಿರ್ತಿದ್ದೋಳು ನಾನೇ ಅಲ್ವಾ? ನೀವು ಯಾವತ್ತು ಕೇಳಿದ್ರಿ?" ಎಂದಳು.

ಮರುದಿನ ತಾವು ಕ್ಲಬ್ಬಿನ ಮೈದಾನದಲ್ಲಿ ತೋರಿದ ಸೌಜನ್ಯ ನನ್ನ ಹೊಟ್ಟೆ ಉರಿಸಿತು. ಷಡ್ಡಕ ಕ್ಲಬ್ಬಿನ ಬಂದೂಕಿನಲ್ಲಿ ಸಾಕಷ್ಟು ಬಿಲ್ಲೆ ಒಡೆದು ಬೆವರು ಒರೆಸಿಕೊಳ್ಳುತ್ತಿದ್ದ. ನನ್ನ ಸರದಿ ಬಂದಾಗ ತಾವು ಬೆನ್ನು ತಟ್ಟುವಷ್ಟು ಮೆತ್ತಗೆ ಭುಜ ಮುಟ್ಟಿದಿರಿ. ಆದರೆ ಇಷ್ಟು ದಿನ ತಾವು ಕೊಟ್ಟ ಶಿಕ್ಷಣ ಎಲ್ಲಿಗೆ ಹೋಗಬೇಕು? ಟ್ರಿಗರಿಗೆ ಬೆರಳು ತಾಕುವ ಮೊದಲೇ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಬಿಲ್ಲೆಗಳು ಒಂದೊಂದಾಗಿ ಕ್ಷೇಮವಾಗಿ ಮನೆ ಸೇರಿದವು. ಷಡ್ಡಕ ತಮ್ಮನ್ನು ಸುತ್ತಿಕೊಂಡು ಹೋಗಲು ಕಂಬಳಿ ಬಿಡಿಸತೊಡಗಿದ.

ಆಗ ನನ್ನ ಹೆಂಡತಿ ಕುರ್ಚಿಯಲ್ಲಿದ್ದ ಮಾವನವರ ಬಳಿ ಬಾಗಿ, "ಅಪ್ಪಾ, ಅಳಿಯಂದಿರೇ ಯಾಕೆ? ಮಗಳೂ ಹೊಡೀಬಹುದಲ್ವಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ತಮ್ಮನ್ನು ಭುಜಕ್ಕೇರಿಸಿದಳು. ಬಿಲ್ಲೆಗಳು ಪುಡಿಪುಡಿಯಾಗಿ ಉದುರಿದವು. ಕಾಣದಿದ್ದರೂ ಒಡೆಯುವ ಸದ್ದನ್ನು ಕಿವಿಗೊಟ್ಟು ಎಣಿಸುತ್ತಿದ್ದ ಮಾವನವರು ಷಡ್ಡಕನ ಲೆಕ್ಕ ದಾಟಿದ ಮೇಲೆ ಎಣಿಸುವುದನ್ನು ನಿಲ್ಲಿಸಿ, "ನನಗ್ಯಾಕೆ ಇದು ಹೊಳೀಲೇ ಇಲ್ಲ" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಸೋತ ನಾಚಿಕೆಯಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳನ್ನು ಕಂಡು ಎದೆಯುಬ್ಬಿ ಬಂತು.

ಆದಕಾರಣ ಮಾನ್ಯರೇ, ತಾವೀಗ ಅವಳ ಸ್ವತ್ತು. ನನಗೆ ತಮ್ಮ ತೋಟಾ ಚೀಲ ಹೊರುವ ಹುದ್ದೆ ಖಾಯಮ್ಮಾಗಿದೆ. ಅವಳ ಭುಜಕ್ಕೆ ನಯವಾಗಿಯೇ ಇರಿ. ನನಗೆ ಬಿದ್ದ ಒದೆಗಳನ್ನು ಹಿಂದಕ್ಕೆ ಪಡೆಯುವ ಏರ್ಪಾಡು ಏನಾದರೂ ಇದ್ದರೆ ಮಾತ್ರ ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಇಂತು, ಎಡಗೈಯಲ್ಲಿ ಸಹಿ ಮಾಡಿರುವ
ತಮ್ಮ ವಿಶ್ವಾಸಿ,
ಮಾಜಿ ಒದೆಪಾತ್ರ

ತಾ.ಕ.: ಛಲಕ್ಕೆ ಬಿದ್ದ ಷಡ್ಡಕ ಹುಡುಕಾಡಿ ತಮ್ಮದೇ ಮಾದರಿಯ ಹಳೆಯ ಬಂದೂಕೊಂದನ್ನು ಕೊಂಡು ತಂದಿದ್ದಾನೆ. ನಿನ್ನೆ ಮನೆಗೆ ಬಂದು, "ಭಾವ, ಇದನ್ನ ಹೇಗೆ ನೋಡ್ಕೋಬೇಕು? ನಿಮಗೆ ಅನುಭವ ಇದೆ" ಎಂದು ಬಲು ವಿನಯದಿಂದ ಕೇಳಿದ. ಪ್ರತಿ ಸಂಜೆ ಕೊಳವೆಗೆ ಧಾರಾಳವಾಗಿ ಎಣ್ಣೆ ಹಾಕಬೇಕು, ಜಿಪುಣತನ ಮಾತ್ರ ಕೂಡದು ಎಂದು ಮನಸಾರೆ ಹೇಳಿ ಕಳಿಸಿದ್ದೇನೆ.