ಹತ್ತು ಮಕ್ಕಳ ಸೀಸೆ

ನಮ್ಮ ಲಸಿಕಾ ಕೇಂದ್ರದಲ್ಲಿ ಇಂದಿನವರೆಗೆ ಒಂದು ತೊಟ್ಟು ಎದೆಕಾವಲು ಲಸಿಕೆಯೂ ಪೋಲಾಗಿಲ್ಲ. ಇದು ಹೊಗಳಿಕೆಯಲ್ಲ, ಸರ್ಕಾರ ಒಪ್ಪಿದ ಸತ್ಯ. ಈ ಸಾಧನೆಗೆ ಬಂದ ಹಿತ್ತಾಳೆಯ ಫಲಕವನ್ನು ಬಾಗಿಲಿನ ಮೇಲೆ ಸ್ವಲ್ಪ ತಗ್ಗಿಗೇ ಹೊಡೆದಿದ್ದಾರೆ. ಉದ್ದನೆಯವರು ಒಳಗೆ ಹೋಗುವಾಗ ತಲೆ ಬಾಗಿಸಲೇಬೇಕು.

ಎದೆಕಾವಲು ಎಂಬುದು ಎಲ್ಲ ಮಕ್ಕಳಿಗೂ ಹಾಕುವ ಲಸಿಕೆಯಲ್ಲ. ಹೃದಯದಲ್ಲಿ ತೂತು, ರಕ್ತನಾಳಗಳ ಅದಲುಬದಲು, ಇಂಥ ದೊಡ್ಡ ಕೊರತೆಯನ್ನು ಹುಟ್ಟುವಾಗಲೇ ಹೊತ್ತು ಬಂದ ಮಕ್ಕಳಿಗೆ ಮಾತ್ರ ಮೀಸಲು. ಉಳಿದ ಮಕ್ಕಳು ನಾಲ್ಕು ದಿನ ಮೂಗು ಸೋರಿಸಿಕೊಂಡು ಎದ್ದು ಓಡಾಡುವ ಶೀತ ಈ ಮಕ್ಕಳ ಎದೆಗಿಳಿದರೆ ಮೇಲೇಳುವುದು ಕಷ್ಟ. ಆದ್ದರಿಂದ ಚಳಿ ಶುರುವಾಗುವ ಮೊದಲೇ ಹಾಕಬೇಕು.

ಒಂದು ಸೀಸೆಯಲ್ಲಿ ಹತ್ತು ಮಕ್ಕಳಿಗಾಗುವಷ್ಟು ಮದ್ದಿರುತ್ತದೆ. ಮುಚ್ಚಳಕ್ಕೆ ಸೂಜಿ ಚುಚ್ಚಿದ ಮೇಲೆ ಅದು ಸಂಜೆಯವರೆಗೆ ಮಾತ್ರ ಬಾಳುತ್ತದೆ. ಮಿಕ್ಕಿದ್ದನ್ನು ಚೆಲ್ಲಬೇಕು. ಚೆಲ್ಲಿದ್ದು ಪೋಲು. ಪೋಲು ಮಾಡಿದವರು ಮೇಲಿನವರಿಗೆ ಉತ್ತರ ಹೇಳಬೇಕು. ಅದಕ್ಕಾಗಿ ಹತ್ತು ಮಕ್ಕಳು ಒಟ್ಟಿಗೆ ಸೇರದ ಹೊರತು ಸೀಸೆ ಚುಚ್ಚಕೂಡದೆಂಬ ನಿಯಮವಿದೆ. ಅಂಥ ಹತ್ತು ಮಕ್ಕಳು ಒಂದೇ ದಿನ ಎಂದೂ ಸೇರಲಿಲ್ಲವಾಗಿ ಸೀಸೆಯನ್ನು ಎಂದೂ ಚುಚ್ಚಲಿಲ್ಲ. ಚುಚ್ಚದ ಸೀಸೆ ಅವಧಿ ಮುಗಿದು ಕೆಟ್ಟರೆ ಅದು ಪೋಲಲ್ಲ, ಸಹಜ ಮರಣ. ಅಂಥವನ್ನು ವರ್ಷಕ್ಕೊಮ್ಮೆ ಹಿತ್ತಲ ಗುಂಡಿಯಲ್ಲಿ ಗೌರವದಿಂದ ಹೂಳಿ ಹೊಸವನ್ನು ತರಿಸುತ್ತಾರೆ.

ದೇವರ ಕೆಲಸದಲ್ಲಿ ತಪ್ಪು ಹುಡುಕುವ ಯೋಗ್ಯತೆ ನನಗಿಲ್ಲ. ಆದರೆ ಇಂಥ ಮಕ್ಕಳನ್ನು ಅಲ್ಲೊಂದು ಇಲ್ಲೊಂದು ಮನೆಗೆ ಚೆದುರಿಸಿ ಕಳಿಸುವ ಅವನ ಪದ್ಧತಿ ಆಡಳಿತಕ್ಕೆ ಅನುಕೂಲವಾಗಿಲ್ಲವೆಂದು ನಮ್ಮ ವೈದ್ಯಾಧಿಕಾರಿಗಳು ಹಲವು ಸಲ ಬೇಸರಪಟ್ಟಿದ್ದಾರೆ.

ನಮ್ಮ ಬೀದಿಯ ಟೈಲರಮ್ಮನಿಗೆ ಮದುವೆಯಾಗಿ ಬಹಳ ಕಾಲಕ್ಕೆ ಒಂದು ಹೆಣ್ಣು ಮಗು ಹುಟ್ಟಿತು. ಹಿಡಿಯಷ್ಟು ಮೈ. ಎಲ್ಲರೂ ಗುಬ್ಬಿ ಎಂದೇ ಕರೆದರು. ಹಾಲು ಕುಡಿಯುವಾಗ ನಡುವೆ ನಡುವೆ ನಿಲ್ಲಿಸಿ ಏದುಸಿರು ಬಿಡುತ್ತಿತ್ತು, ಅತ್ತರೆ ತುಟಿ ನೇರಳೆಯಾಗುತ್ತಿತ್ತು. ದೊಡ್ಡಾಸ್ಪತ್ರೆಯ ಹೃದಯದ ಡಾಕ್ಟರು ಎದೆಗೆ ಯಂತ್ರವಿಟ್ಟು ನೋಡಿ, "ತೂತು ದೊಡ್ಡದಿದೆ, ಆಪರೇಷನ್ ಮಾಡೋಣ. ಆದ್ರೆ ಮಗು ಇನ್ನೊಂದು ಚೂರು ತೂಕ ಆಗ್ಬೇಕು. ಈ ಚಳಿ ಒಂದು ದಾಟಿಸ್ಕೊಳ್ಳಿ. ಮೊದ್ಲು ಹೋಗಿ ಎದೆಕಾವಲು ಹಾಕಿಸಿ" ಎಂದರು.

ಟೈಲರಮ್ಮ ಅತ್ತೆಯನ್ನು ಜೊತೆ ಮಾಡಿಕೊಂಡು ಲಸಿಕಾ ಕೇಂದ್ರಕ್ಕೆ ಬಂದಳು. ಫ್ರಿಜ್ಜಿಗೆ ಗಾಜಿನ ಬಾಗಿಲು. ಒಳಗೆ ಸಣ್ಣ ದೀಪದ ಕೆಳಗೆ ಸೀಸೆಗಳು ಸಾಲಾಗಿ ನಿಂತಿದ್ದವು. ಸಿಸ್ಟರ್ ಮಗುವಿನ ಗಲ್ಲ ಹಿಂಡಿ, "ಚೆನ್ನಾಗಿದೆ ಕಣ್ರೀ ಮಗು. ಉಳಿದ ಒಂಬತ್ತು ಎಲ್ಲಿ?" ಎಂದರು.

"ನಂಗಿರೋದು ಇದೊಂದೇ ಸಿಸ್ಟರ್."

"ಒಂದಕ್ಕೆ ಸೀಸೆ ಚುಚ್ಚಿದ್ರೆ ಒಂಬತ್ತು ಮಕ್ಕಳ ಪಾಲು ಮಣ್ಣಾಗುತ್ತಲ್ಲಮ್ಮ. ಆ ಮಕ್ಕಳ ಗತಿ ಏನು? ಅವ್ರೂ ತಾಯಿ ಹೊಟ್ಟೇಲೇ ಹುಟ್ಟಿದವ್ರಲ್ವಾ?"

"ಆ ಒಂಬತ್ತು ಮಕ್ಕಳು ಎಲ್ಲಿದಾರೆ?"

"ಅದೇ ಇಲ್ವಲ್ಲ. ಇಲ್ದೇ ಇರೋರ ಪಾಲು ಅಂತ ನುಂಗಿಹಾಕೋಕೆ ಆಗುತ್ತಾ?"

ಅತ್ತೆ ಹಳೇ ಕಾಲದ ಹೆಂಗಸು. ನಾಲಿಗೆ ಚುರುಕು. "ಅಲ್ಲಮ್ಮಾ, ನೆಂಟರು ಹತ್ತು ಜನ ಬರೋವರೆಗೂ ಹಸಿದು ಬಂದವನಿಗೆ ಅನ್ನ ಹಾಕಲ್ಲ ಅಂದಂಗಾಯ್ತು" ಎಂದಳು.

"ಅಜ್ಜೀ, ಅನ್ನಕ್ಕೆ ನಿಯಮ ಇಲ್ಲ. ಇದಕ್ಕಿದೆ" ಎಂದು ಸಿಸ್ಟರ್ ಸಮಾಧಾನ ಹೇಳಿದರು.

ಟೈಲರಮ್ಮ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಒಂಬತ್ತು ಮಕ್ಕಳನ್ನು ಹುಡುಕಲು ಹೊರಟಳು. ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು, ಅಳತೆ ತೆಗೆಯುವ ನೆಪದಲ್ಲಿ ಮನೆ ಮನೆ ಹೊಕ್ಕು, ಮಾತಿನ ನಡುವೆ ಮೆಲ್ಲಗೆ, "ನಿಮ್ಮಲ್ಲಿ ಎದೆ ಕೊರತೆಯ ಮಗು ಏನಾದ್ರೂ ಇದೆಯಾ ಅಕ್ಕಾ?" ಎಂದು ಕೇಳುತ್ತಿದ್ದಳು. ಕೆಲವರು ಬೈದರು, ಕೆಲವರು ಅತ್ತರು. ಕಬ್ಬಿಣದಂಗಡಿಯ ಯಜಮಾನರು, "ನಮ್ಮ ವಂಶದಲ್ಲಿ ಅಂಥ ಕೊರತೆ ಇಲ್ಲ" ಎಂದು ಗದರಿ ಬಾಗಿಲು ಹಾಕಿಕೊಂಡರು. ಅವರ ಕೊರತೆಯಿಲ್ಲದ ವಂಶದ ಮೊಮ್ಮಗ ನೇರಳೆ ತುಟಿಯಲ್ಲಿ ಕಿಟಕಿಯಿಂದ ಅವಳಿಗೆ ಕೈ ಬೀಸಿದ.

ಬೇರೆ ಬೀದಿ, ಬೇರೆ ಊರು ಎಂದು ಅಲೆದು ಎಂಟು ಮಕ್ಕಳನ್ನು ಕಲೆಹಾಕಿದಳು. ಗುಬ್ಬಿ ಸೇರಿ ಒಂಬತ್ತಾಯಿತು. ಕೊನೆಗೆ ಕಬ್ಬಿಣದಂಗಡಿಯ ಸೊಸೆ ಮಾವನ ಕಣ್ಣು ತಪ್ಪಿಸಿ, ಸೆರಗಿನೊಳಗೆ ಮಗುವನ್ನು ಮುಚ್ಚಿಕೊಂಡು ಬಂದು, "ನಂದೂ ಸೇರ್ಸ್ಕೊಳ್ಳಿ ಅಕ್ಕಾ, ಯಾರಿಗೂ ಹೇಳ್ಬೇಡಿ" ಎಂದಾಗ ಹತ್ತು ತುಂಬಿತು.

ಗೊತ್ತುಮಾಡಿದ ದಿನ ಹತ್ತು ತಾಯಂದಿರು ಹತ್ತು ಮಕ್ಕಳನ್ನೆತ್ತಿಕೊಂಡು ಬಂದು ನಿಂತಾಗ ಕೇಂದ್ರದಲ್ಲಿ ಗಾಬರಿಯಾಯಿತು. ಇಂಥ ಸಂದರ್ಭ ಹಿಂದೆ ಬಂದಿರಲಿಲ್ಲ. ವೈದ್ಯಾಧಿಕಾರಿಗಳೇ ಹೊರಗೆ ಬಂದರು. ಸ್ವಭಾವತಃ ಮೃದು ಮನುಷ್ಯ. ಪ್ರತಿ ಮಗುವಿನ ಹಣೆ ಮುಟ್ಟಿ ನೋಡಿದರು. ಹತ್ತರಲ್ಲಿ ಒಂದಾದ ಪೋಸ್ಟ್‌ಮ್ಯಾನ್ ಮಗನ ಹಣೆ ಬೆಚ್ಚಗಿತ್ತು.

"ಜ್ವರದ ಮಗುವಿಗೆ ಹಾಕುವ ಹಾಗಿಲ್ಲ. ಹತ್ತಕ್ಕೆ ಒಂದು ಕಡಿಮೆಯಾಯಿತು. ಜ್ವರ ಬಿಟ್ಟ ಮೇಲೆ ಎಲ್ಲರೂ ಬನ್ನಿ."

"ಉಳಿದ ಒಂಬತ್ತಕ್ಕೆ ಹಾಕಿ ಸಾರ್. ಒಂದು ಪಾಲು ಹೋದ್ರೆ ಹೋಗ್ಲಿ" ಎಂದಳು ಟೈಲರಮ್ಮ.

"ತಾಯಿ, ನಮ್ಮದು ಸೊನ್ನೆ ಪೋಲಿನ ಕೇಂದ್ರ. ಒಂದು ಅಂದ ಕೂಡಲೇ ಸೊನ್ನೆ ಹೋಯಿತು. ಹೋದ ಸೊನ್ನೆಯನ್ನು ಯಾರು ತಂದುಕೊಡುತ್ತಾರೆ?"

"ಹಂಗಾದ್ರೆ ಆ ಒಂದು ಪಾಲು ಯಾವುದಾದ್ರೂ ಗಟ್ಟಿಮುಟ್ಟಾದ ಮಗೂಗೆ ಹಾಕಿಬಿಡಿ ಸಾರ್. ಹೊರಗೆ ಬೇಕಾದಷ್ಟು ಮಕ್ಕಳು ಆಡ್ತಿದಾವೆ."

ವೈದ್ಯಾಧಿಕಾರಿಗಳಿಗೆ ನಿಜವಾಗಿಯೂ ನೋವಾಯಿತು. "ಹುಟ್ಟಾ ಕೊರತೆಯಿರುವ ಮಕ್ಕಳ ಹಕ್ಕನ್ನು ಗಟ್ಟಿ ಮಕ್ಕಳಿಗೆ ಧಾರೆಯೆರೆಯಿರಿ ಅಂತೀರಲ್ಲ, ನೀವೂ ಒಬ್ಬ ತಾಯಿಯೇ? ನಾವಿರುವವರೆಗೆ ಈ ಮಕ್ಕಳಿಗೆ ಅಂಥ ಅನ್ಯಾಯ ಆಗಲು ಬಿಡುವುದಿಲ್ಲ" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ಇಬ್ಬರು ತಾಯಂದಿರು ಅವರಿಗೆ ಕೈ ಮುಗಿದರು.

ಪೋಸ್ಟ್‌ಮ್ಯಾನ್ ಮಗನ ಜ್ವರ ಎದೆಗಿಳಿಯಿತು. ಯಾರು ಎತ್ತಿಕೊಂಡರೂ ನಗುವ ಮಗು ಅದು. ಎತ್ತಿಕೊಂಡವರ ಮೂಗು ಹಿಡಿಯುತ್ತಿತ್ತು. ಒಂದು ವಾರದೊಳಗೆ ತೀರಿಕೊಂಡಿತು. ಅದರ ತಾಯಿ ಈಗ ಮನೆಯಿಂದ ಹೊರಗೆ ಬರುವುದಿಲ್ಲ.

ಮಗು ಹೋದ ಮೂರನೆಯ ದಿನ ಕೇಂದ್ರದ ಗೋಡೆಯ ಮೇಲೆ ಪ್ರಕಟಣೆ ಬಂತು.

"ಎದೆಕಾವಲು ತಂಡದ ಒಬ್ಬ ಫಲಾನುಭವಿಯು ಲಸಿಕೆಗೆ ಮುನ್ನವೇ ನಿಧನ ಹೊಂದಿರುವುದು ವಿಷಾದನೀಯ. ಸದರಿ ನಿಧನಕ್ಕೂ ಲಸಿಕೆಗೂ ಯಾವುದೇ ಸಂಬಂಧ ಇರುವುದಿಲ್ಲ. ಏಕೆಂದರೆ ಲಸಿಕೆಯನ್ನು ನೀಡಿರುವುದಿಲ್ಲ. ಸಂಖ್ಯೆಯಲ್ಲಿ ಉಂಟಾದ ಕೊರತೆಯನ್ನು ಉಳಿದ ಪೋಷಕರು ಪರಸ್ಪರ ಸಹಕಾರದಿಂದ ಶೀಘ್ರ ತುಂಬತಕ್ಕದ್ದು. ಪೋಷಕರು ತಮ್ಮ ಮಕ್ಕಳನ್ನು ಚಳಿಯಿಂದ ಕಾಪಾಡಿಕೊಳ್ಳತಕ್ಕದ್ದು."

ಅತ್ತೆಗೆ ಓದಲು ಬಾರದು. ಟೈಲರಮ್ಮ ಓದಿ ಹೇಳಿದಳು. ಅತ್ತೆ, "ಇದನ್ನ ಬರೆದೋನ ಮನೇಲಿ ದೀಪ ಹಚ್ತಾರೇನೇ?" ಎಂದು ಕೇಳಿದಳು. ವೈದ್ಯಾಧಿಕಾರಿಗಳ ಮನೆಯಲ್ಲಿ ಎರಡು ಹೊತ್ತೂ ಹಚ್ಚುತ್ತಾರೆ. ನಾನೇ ನೋಡಿದ್ದೇನೆ.

ಟೈಲರಮ್ಮ ಮತ್ತೆ ಅಲೆದಳು. ಈ ಸಲ ಸಿಗಲಿಲ್ಲ. ಸುತ್ತಲಿನ ಊರುಗಳಲ್ಲಿ ಇದ್ದಷ್ಟನ್ನೂ ಮೊದಲೇ ಗುಡಿಸಿ ತಂದಿದ್ದಳು. ಬೆಳಗಿನ ಗಾಳಿ ಕೊರೆಯತೊಡಗಿತ್ತು. ಗುಬ್ಬಿಯನ್ನು ಮೂರು ಪದರ ಹೊದಿಸಿ, ಬಾಗಿಲ ಸಂದಿಗೆಲ್ಲ ಹೊಲಿಗೆಯ ಚೂರುಬಟ್ಟೆ ತುರುಕಿದಳು. ಆಮೇಲೆ ಉಳಿದ ಎಂಟು ತಾಯಂದಿರನ್ನೂ ಕರೆದುಕೊಂಡು ಹೋಗಿ ವೈದ್ಯಾಧಿಕಾರಿಗಳ ಮೇಜಿನ ಮುಂದೆ ಕೂತಳು. ಏಳಲಿಲ್ಲ.

ವೈದ್ಯಾಧಿಕಾರಿಗಳು ಮೇಲಿನವರೊಡನೆ ಫೋನಿನಲ್ಲಿ ಸಮಾಲೋಚಿಸಿ ಒಂದು ದೊಡ್ಡ ರಿಯಾಯಿತಿ ಕೊಡಿಸಿದರು. ಯಾವುದೇ ಗರ್ಭಿಣಿಯ ಸ್ಕ್ಯಾನಿನಲ್ಲಿ ಶಿಶುವಿನ ಹೃದಯದ ದೋಷ ಕಂಡುಬಂದಲ್ಲಿ, ಆ ಶಿಶುವನ್ನು ಹುಟ್ಟುವ ಮೊದಲೇ ಹತ್ತನೆಯದೆಂದು ಎಣಿಸಬಹುದು. ಸೀಸೆಯನ್ನು ಅಂದೇ ಚುಚ್ಚಿ ಒಂಬತ್ತು ಮಕ್ಕಳಿಗೆ ಹಾಕಬಹುದು. ಹತ್ತನೆಯ ಪಾಲನ್ನು ಸಂಜೆ ಚೆಲ್ಲಬಹುದು. ಅದು ಪೋಲಲ್ಲ, ಗರ್ಭಸ್ಥ ಫಲಾನುಭವಿಯ ಪರವಾಗಿ ವಿನಿಯೋಗ.

"ಒಟ್ನಲ್ಲಿ ಚೆಲ್ಲೋದು ಚೆಲ್ಲೋದೇ ಅಲ್ವಾ ಸಾರ್? ಅದನ್ನ ಇವತ್ತೇ ಚೆಲ್ಲಿದ್ರೆ ಏನಾಗುತ್ತೆ?" ಎಂದು ಟೈಲರಮ್ಮ ಕೇಳಿದಳು.

"ಯಾರ ಪರವಾಗಿ?" ಎಂದರು ವೈದ್ಯಾಧಿಕಾರಿಗಳು.

ಟೈಲರಮ್ಮ ಮೇಜು ಹಿಡಿದು ಮೇಲೆದ್ದಳು.

ಅಂದಿನಿಂದ ಒಂಬತ್ತು ತಾಯಂದಿರು ಕೇಂದ್ರದ ಪಕ್ಕದಲ್ಲೇ ಇರುವ ಸ್ಕ್ಯಾನ್ ಕೋಣೆಯ ಹೊರಗೆ ಕೂರತೊಡಗಿದರು. ನೆಲ ತಣ್ಣಗಿರುತ್ತದೆಂದು ಕೇಂದ್ರದವರೇ ಒಂದು ಉದ್ದನೆಯ ಬೆಂಚು ಹಾಕಿಸಿಕೊಟ್ಟರು. ಗರ್ಭಿಣಿಯರೂ ಒಳ್ಳೆಯವರು. ಮೊದಮೊದಲು ಇವರನ್ನು ಕಂಡರೆ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು ಗೋಡೆ ಹಿಡಿದು ಹೋಗುತ್ತಿದ್ದರು. ಈಗ ನಿಂತು ಮಕ್ಕಳ ಯೋಗಕ್ಷೇಮ ವಿಚಾರಿಸುತ್ತಾರೆ. ನಾನೂ ದಿನಾ ದೇವರಿಗೆ ಕೈ ಮುಗಿಯುವಾಗ ಈ ವಿಷಯ ಬಿನ್ನವಿಸಬೇಕೆಂದುಕೊಳ್ಳುತ್ತೇನೆ. ಏನೆಂದು ಕೇಳಬೇಕೋ ತಿಳಿಯದೆ ಸುಮ್ಮನೆ ಏಳುತ್ತೇನೆ.

ಮೊನ್ನೆ ಬೇಕರಿಯವನ ಹೆಂಡತಿಯ ಸರದಿ. ಚೊಚ್ಚಲು. ಒಳಗೆ ಬಹಳ ಹೊತ್ತಾಯಿತು. ಡಾಕ್ಟರು ಇನ್ನೊಬ್ಬ ಡಾಕ್ಟರನ್ನು ಕರೆಸಿದರೆಂಬ ಸುದ್ದಿ ಹೊರಗೆ ಬಂದ ಕೂಡಲೇ ಒಂಬತ್ತು ತಾಯಂದಿರೂ ಎದ್ದು ನಿಂತರು. ಸಿಸ್ಟರ್ ಫ್ರಿಜ್ಜಿನ ಬೀಗದ ಕೈ ಹಿಡಿದು ಓಡಿ ಬಂದರು. ಟೈಲರಮ್ಮನ ಹೆಗಲ ಮೇಲೆ ಗುಬ್ಬಿ ಅದೇ ಬೆಳಿಗ್ಗೆ ಹತ್ತಿದ ಹೊಸ ಕೆಮ್ಮು ಕೆಮ್ಮುತ್ತಿತ್ತು. ಸಣ್ಣ ಕೆಮ್ಮು. ಕಿವಿಗೊಟ್ಟರೆ ಮಾತ್ರ ಕೇಳುವಂಥದ್ದು.

ಬಾಗಿಲು ತೆರೆಯಿತು. ಬೇಕರಿಯವನ ಹೆಂಡತಿ ಹೊರಗೆ ಬಂದಳು. ಎಲ್ಲರ ಮುಖ ನೋಡಿದಳು. ತಲೆ ತಗ್ಗಿಸಿದಳು.

"ಎಲ್ಲಾ ಸರಿಯಾಗಿದೆಯಂತೆ ಅಕ್ಕಾ" ಎಂದಳು, ತಪ್ಪು ಮಾಡಿದವಳ ದನಿಯಲ್ಲಿ.

ಸಿಸ್ಟರ್ ಬೀಗದ ಕೈಯನ್ನು ಜೇಬಿಗಿಳಿಸಿದರು. ಅತ್ತೆ ಮಾತ್ರ ಅವಳ ಹತ್ತಿರ ಹೋಗಿ ಬೆನ್ನು ಸವರಿ, "ಹೋಗ್ಲಿ ಬಿಡು ತಾಯಿ. ನೀನೇನು ಬೇಕಂತ ಮಾಡಿದ್ಯಾ?" ಎಂದಳು.

ಬೇಕರಿಯವನ ಹೆಂಡತಿ ಕಣ್ಣೊರೆಸಿಕೊಂಡು ಗುಬ್ಬಿಯ ಪಾದ ಮುಟ್ಟಿದಳು. "ಮುಂದಿನ ತಿಂಗಳು ಇನ್ನೊಂದು ಸ್ಕ್ಯಾನ್ ಇದೆ ಅಕ್ಕಾ. ಅಲ್ಲೀವರೆಗೂ ಜೋಪಾನವಾಗಿ ನೋಡ್ಕೊಳ್ಳಿ. ಆಗ ಏನಾದ್ರೂ ಕಂಡ್ರೆ ಮೊದ್ಲು ನಿಮಗೇ ಹೇಳಿ ಕಳಿಸ್ತೀನಿ."

"ಒಳ್ಳೇದಾಗ್ಲಿ ಕಣಮ್ಮಾ" ಎಂದು ಟೈಲರಮ್ಮ ಮನಃಪೂರ್ವಕವಾಗಿ ಹರಸಿದಳು. ಆಮೇಲೆ ಬೆಂಚಿನ ಮೇಲೆ ತುಸು ಸರಿದು ಕೂತು, ಮುಂದಿನ ಗರ್ಭಿಣಿಗೆ ದಾರಿ ಬಿಟ್ಟಳು.