ಅತ್ತೆಯ ‘ಮಾಡಿ ಕಾಂಬ’

ನಮ್ಮ ಮನೆಯಲ್ಲಿ ಇಂಥದ್ದು ವಾರಕ್ಕೊಂದು ನಡೆಯುತ್ತದೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುವ ನಾನು ತಡೆಯಲು ಹೋಗಿ ಸೋತಿದ್ದೇನೆ. ಎಪ್ಪತ್ತು ದಾಟಿದ ನನ್ನ ಅತ್ತೆ ಮೊಣಕಾಲು ಆಪರೇಷನ್ ಆಗಿ ಸರಾಗ ನಡೆಯತೊಡಗಿದ ದಿನವೇ, ವಾರಕ್ಕೊಂದು ಹೊಸದನ್ನು ಮಾಡುವುದೆಂದು ತೀರ್ಮಾನಿಸಿದರು. ಯಾಕೆ ಎಂದರೆ ಒಂದೇ ಉತ್ತರ: “ಮಾಡಿ ಕಾಂಬ.” ಮಾಡಿಯೇ ನೋಡೋಣ.

ಕಡ್ಡಿ

ಜಪಾನಿನವರು ಕಡ್ಡಿಯಲ್ಲಿ ಉಣ್ಣುವ ವಿಡಿಯೊ ನೋಡಿದರು. ಹೊಸ ಹಿಡಿಸೂಡಿಯಿಂದ, ಅಂದರೆ ತೆಂಗಿನಗರಿಯ ಪೊರಕೆಯಿಂದ, ಎರಡು ಕಡ್ಡಿ ಮುರಿದು, ತೊಳೆದು, ಕಾಯಿಹಾಲಿನಲ್ಲಿ ಅದ್ದಿದ ಶ್ಯಾವಿಗೆಯ ಮುಂದೆ ಕೂತರು. ಮುಕ್ಕಾಲು ಗಂಟೆಯಲ್ಲಿ ನಾಲ್ಕು ಎಳೆ ಬಾಯಿ ಸೇರಿತು. ಸೋಲೊಪ್ಪಿಕೊಳ್ಳುವಿರಾ ಎಂದೆ.

“ಎಂತಕೆ? ಡಾಕ್ಟ್ರು ಕಮ್ಮಿ ತಿನ್ನಿ ಅಂದದ್ ಹೀಂಗೇ ಇರ್ಬೇಕ್!”

ಬಸ್ಸು

ಮರುವಾರ ಕೋಟೇಶ್ವರದ ಸ್ಟಾಪಿನಲ್ಲಿ ಮೊದಲು ಬಂದ ಬಸ್ಸು ಹತ್ತಿದರು. ಬೋರ್ಡು ಓದಲಿಲ್ಲ. ಓದಿದರೆ ಮಜವೇನಿದೆ?

ಕಂಡಕ್ಟರ್ ಕೇಳಿದ, “ಎಲ್ಲಿಗಮ್ಮಾ?”

“ನೀವ್ ಎಲ್ಲಿಗ್ ಹೋತ್ರಿ?”

ಅಜ್ಜಿಗೆ ಮರೆವಿನ ಕಾಯಿಲೆ ಎಂದುಕೊಂಡ ಆತ ಅವರ ಫೋನಿನಿಂದ ನನ್ನ ಹೆಂಡತಿಗೆ ಕರೆ ಮಾಡಿದ. ಬೈಂದೂರಿನಲ್ಲಿ ಇಳಿಸಿ, ಚಾ ಕುಡಿಸಿ, ವಾಪಸು ಬರುವ ಬಸ್ಸಿನ ಕಂಡಕ್ಟರನಿಗೆ ಪಾರ್ಸೆಲ್ಲಿನಂತೆ ಒಪ್ಪಿಸಿದ. ನನ್ನ ಹೆಂಡತಿ ಬಾಗಿಲಲ್ಲೇ ಹೇಳಿದಳು: “ಅಮ್ಮಾ, ಇನ್ನೊಂದೇ ಒಂದ್. ಅದ್ರಲ್ಲೂ ಎಡವಟ್ಟಾದ್ರೆ ಈ ಹುಚ್ಚೆಲ್ಲ ಬಂದ್. ಮನೆಯಲ್ಲೇ ಕೂಕಣಿ.”

ಅತ್ತೆ ಬೇರೆಯೇ ಗುಂಗಿನಲ್ಲಿದ್ದರು. “ಚಾ ಲಾಯ್ಕಿತ್ತ್. ಮುಂದಿನ ಸೀಟ್ ಬೇರೆ ಕೊಟ್ರ್!”

ದೋಣಿ

ಉಳಿದ ಒಂದೇ ಅವಕಾಶಕ್ಕೆ ಅತ್ತೆ ಆರಿಸಿದ್ದು ಕೋಟದಾಚೆಯ ಹಿನ್ನೀರಿನಲ್ಲಿ ಕಯಾಕ್. ಇಬ್ಬರೇ ಕೂತು ಹುಟ್ಟು ಹಾಕುವ ಸಪೂರ ದೋಣಿ. ಎಡವಟ್ಟಾಗದಂತೆ ಕಾಯಲು ಹೆಂಡತಿ ನನ್ನನ್ನು ಕಳಿಸಿದಳು. ಮನುಷ್ಯನ ದೇಹ ತೇಲುತ್ತದೆಂದು ನಾನು ಓದಿದ್ದೆ, ಪರೀಕ್ಷಿಸಿರಲಿಲ್ಲ.

ಸೀರೆಯ ಮೇಲೆ ಲೈಫ್ ಜಾಕೆಟ್ ಬಿಗಿದು ಅತ್ತೆ ಮುಂದೆ ಕೂತರು. ಹತ್ತೇ ನಿಮಿಷದಲ್ಲಿ ಹುಟ್ಟು ಹಾಕುವುದು ಕೈಗೆ ಹತ್ತಿತು. “ಹ್ವಾಯ್, ಹೋತಿತ್ತ್ ಕಾಣಿ!” ಎಂದು ಕೂಗಿದರು. ನಿಜ ಹೇಳಬೇಕೆಂದರೆ ನನಗೂ ಖುಷಿಯಾಗತೊಡಗಿತ್ತು.

ಅಷ್ಟರಲ್ಲಿ ನೀರ ನಡುವಿನ ಸಣ್ಣ ದ್ವೀಪದಂಥ ಕುದುರಿನ ದಡದಿಂದ, ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಕೈ ಅಡ್ಡ ಹಿಡಿದಳು. “ಹ್ವಾಯ್, ಆಚೆ ದಡಕ್ಕೆ ಬಿಡ್ತ್ರ್ಯಾ?”

“ಬನ್ನಿ ಬನ್ನಿ! ಅಳಿಯಂದಿರು ಚೂರ್ ಹಿಂದೆ ಸರೀತ್ರ್,” ಎಂದು ಅತ್ತೆ ದೋಣಿಯನ್ನು ದಡದ ಪಕ್ಕಕ್ಕೆ ತಂದರು.

ಮೂವತ್ತು ವರ್ಷ ಖಾಸಗಿ ಬಸ್ಸಿನಲ್ಲಿ ಓಡಾಡಿದವನು ನಾನು. ಸರಿಯಿರಿ ಎಂದರೆ ಸರಿದೇ ಅಭ್ಯಾಸ. ಸರಿದೆ. ಹಿಂದೆ ನೀರಿತ್ತು.

ಸೊಂಟದ ಮಟ್ಟದ ನೀರಿನಲ್ಲಿ ಎದ್ದು ನಿಲ್ಲುವಷ್ಟರಲ್ಲಿ ಆಕೆ ನನ್ನ ಜಾಗದಲ್ಲಿ ಕೂತು, ಹೊರೆ ಮಡಿಲಿಗಿಟ್ಟುಕೊಂಡು, ನನ್ನ ಹುಟ್ಟು ಹಿಡಿದಾಗಿತ್ತು. ಇಬ್ಬರೂ ಮಾತಾಡುತ್ತಾ ಹೊರಟರು. ನಾನು ಕೆಸರು ತುಳಿಯುತ್ತಾ ಹಿಂಬಾಲಿಸಿದೆ.

ಮನೆಯಲ್ಲಿ ಹೆಂಡತಿ ಕೆಸರುಮಯನಾದ ನನ್ನನ್ನೂ, ನೆರಿಗೆ ಕೂಡ ಕೆಡದ ತಾಯಿಯನ್ನೂ ನೋಡಿದಳು. ಎಡವಟ್ಟು ಯಾರದೆಂದು ತೀರ್ಮಾನಿಸಿ, ನನಗೊಂದು ಟವೆಲ್ ಎಸೆದು ತಾಯಿಯತ್ತ ತಿರುಗಿದಳು.

“ಸರಿ. ಮುಂದಿನ ವಾರ ಎಂತ?”

“ಈಜು.”

“ಅಮ್ಮಾ, ಈ ಪ್ರಾಯದಲ್ಲಿ!”

“ನಂಗಲ್ಲ ಮಾರಾಯ್ತಿ. ನಿನ್ನ ಗಂಡಂಗೆ.”